ಯಾರಿಗೂ ಓದಲಾಗದ ದಪ್ಪ ಅಕ್ಷರ

ಹೋದ ವರ್ಷದ ಮಳೆಗಾಲ, ಮೆಕ್ಕೆಜೋಳ ಮೊಣಕಾಲುದ್ದ ಬಂದಿದ್ದ ಸಮಯ. ನನ್ನ ಅಣ್ಣ ತಾಳಗುಂದದ ಕಡೆ ಕುರಿ ಸಾಕಿಕೊಂಡಿದ್ದಾನೆ, ನಾನು ಶಿಕಾರಿಪುರದಲ್ಲಿ ಗುಮಾಸ್ತ. ಒಂದು ಮಧ್ಯಾಹ್ನ ಅವನ ಫೋನ್ ಬಂತು. "ಕುರಿ ಬಿದ್ದು ಒದ್ದಾಡಾಕತ್ತಾವೆ, ಲಗೂ ಬಾರೋ!" ಪಶುವೈದ್ಯರನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಆರು ಕುರಿ ಸತ್ತಿದ್ದವು.

ನಮ್ಮ ಕಡೆ ಬೆಳೆಗೆ ವಿಷದ ಔಷಧಿ ಹೊಡೆದವರು ಬದುವಿನ ಮೇಲೆ ಕೋಲು ನೆಟ್ಟು, ಖಾಲಿ ಡಬ್ಬಿಯನ್ನು ಅದಕ್ಕೆ ಬೋರಲು ಹಾಕುತ್ತಾರೆ. ಕುರಿಯವರು ಅದನ್ನು ಕಂಡು ದೂರದಿಂದಲೇ ಮಂದೆ ತಿರುಗಿಸುತ್ತಾರೆ. ಅಣ್ಣನ ಕುರಿ ಹೊಕ್ಕು ಮೇಯ್ದ ಹೊಲಕ್ಕೂ ಔಷಧಿ ಹೊಡೆದಿತ್ತು; ಅದರ ಯಜಮಾನರು ಈ ಸಲ ಡಬ್ಬಿ ಬಿಟ್ಟು, ಪೇಟೆಯಿಂದ ಪ್ರಿಂಟ್ ಬೋರ್ಡು ಮಾಡಿಸಿ ನಿಲ್ಲಿಸಿದ್ದರು.

"ಇಷ್ಟು ದಪ್ಪ ಅಕ್ಷರದಾಗೆ ಹಾಕ್ಸೀನಿ. ಓದಾಕೆ ಬರಲ್ವೇನಲೇ ನಿಂಗೆ?" ಎಂದು ಹತ್ತು ಜನರೆದುರು ಅಣ್ಣನನ್ನು ಬೈದರು.

"ದೂರದಿಂದ ಬರೀ ಕರ್ರಗೆ ಕಾಣ್ತು. ಬೀಜದ ಕಂಪ್ನಿ ಬೋರ್ಡ್ ಅನ್ಕಂಡೆ" ಎಂದ ಅಣ್ಣ. ಬೀಜದ ಕಂಪನಿಗಳು ಹೊಲಗಳಲ್ಲಿ ಬೋರ್ಡು ನೆಡುವುದು ಇಲ್ಲಿ ಮಾಮೂಲಿ. ಅಣ್ಣ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟರೂ ದಿನಾ ಪೇಪರ್ ಓದುವವನು. ಆದರೂ ನಾನು ಅವನನ್ನೇ ಬೈದೆ. "ಕಣ್ಣು ಎಲ್ಲಿಟ್ಟಿದ್ದೆ?" ಎಂದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಮರುದಿನ ಬೋರ್ಡಿನ ಹತ್ತಿರ ಹೋಗಿ ನೋಡಿದೆ. ಉದ್ದುದ್ದ, ದಪ್ಪ ಅಕ್ಷರಗಳು ಸಂತೆ ದಿನದ ಬಸ್ಸಿನೊಳಗಿನ ಜನರ ಹಾಗೆ ಒಂದಕ್ಕೊಂದು ಒತ್ತಿಕೊಂಡಿದ್ದವು. ದುಂಡಗಿರಬೇಕಾದ ಅಕ್ಷರಗಳ ಹೊಟ್ಟೆಯೆಲ್ಲ ಮುಚ್ಚಿಹೋಗಿತ್ತು. ಒತ್ತಕ್ಷರಗಳು ಕೆಳಗಿನ ಸಾಲಿಗೆ ಅಂಟಿಕೊಂಡಿದ್ದವು. ಮೈಯೆಲ್ಲ ಉರಿದುಹೋಯಿತು. ಬೋರ್ಡನ್ನು ಕಿತ್ತು, ಅದನ್ನು ಮಾಡಿಕೊಟ್ಟಿದ್ದ ಪೇಟೆಯ ಪ್ರಿಂಟಿಂಗ್ ಅಂಗಡಿಗೆ ಸೀದಾ ಒಯ್ದೆ.

ಯಾವ ಬೋರ್ಡೆಂದು ಹೇಳದೆ ಅದನ್ನು ರಸ್ತೆಯ ಆಚೆ ಬದಿಗೆ ನಿಲ್ಲಿಸಿ, "ಇದನ್ನ ಓದ್ರೀ" ಎಂದೆ. ಅಂಗಡಿಯವರು ಕಣ್ಣು ಕಿರಿದು ಮಾಡಿದರು. ಎರಡು ಹೆಜ್ಜೆ ಮುಂದೆ ಬಂದರು.

"ಯಾವ್ದೋ ಬೀಜದ್ದೇನ್ರೀ?"

"'ವಿಷ ಸಿಂಪಡಿಸಿದೆ, ಜಾನುವಾರು ಬಿಡಬೇಡಿ' ಅಂತ ನೀವೇ ಬರ್ದಿರೋದ್ರೀ ಇದು! ಆರು ಕುರಿ ಸತ್ತಾವೆ!" ಎಂದು ಕೂಗಿದೆ. ರಸ್ತೆಯಲ್ಲಿದ್ದವರೆಲ್ಲ ನಿಂತು ನೋಡಿದರು.

"ಬೋರ್ಡ್ ಸಣ್ಣದು, ಮಾತು ಜಾಸ್ತಿ ಇತ್ತು. ಈ ಫಾಂಟಲ್ಲಾದ್ರೆ ಎಲ್ಲಾ ಹಿಡಿಸ್ತದೆ. ಸೊರಬದ ತನಕ ಅಂಗಡಿಗಳಿಗೆಲ್ಲ ಇದೇ ಹೋಗೋದು, ಭಾರಿ ಸ್ಟೈಲ್ ಐತ್ರೀ" ಎಂದರು.

ಅಂಗಡಿಯ ಹೆಸರು ಬರೆಯುವುದಕ್ಕೆ ಅದು ಸರಿ. ನಾಲ್ಕೇ ಅಕ್ಷರವನ್ನು ಆಳೆತ್ತರ ಬರೆದರೆ ಎದ್ದು ಕಾಣುತ್ತದೆ. ಆದರೆ ಜೀವ ಉಳಿಸುವ ಮಾತನ್ನು ಮೊಳದಗಲದ ಹಲಗೆಯಲ್ಲಿ ಹಿಂಡಿ ತುಂಬಿದವರಿಗೆ, ಅದನ್ನು ಒಮ್ಮೆ ದೂರ ನಿಂತು ನೋಡಬೇಕು ಅನ್ನಿಸಲೇ ಇಲ್ಲವಲ್ಲ! ಹೊಲದ ಯಜಮಾನರಿಗೆ ಇದನ್ನೆಲ್ಲ ಹೇಳಿದಾಗ "ಆಗಿದ್ದು ಆಯ್ತು ಬಿಡು" ಎಂದರು. ಅಣ್ಣನಿಗೆ ಅಂದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಣ್ಣ ಈಗ ಪೇಪರ್ ಮುಟ್ಟುವುದಿಲ್ಲ. ಮೊನ್ನೆ ಪೇಟೆಗೆ ಬಂದಿದ್ದಾಗ, ಬಸ್ಸಿನ ಮೇಲೆ ಸೊರಬ ಎಂದು ದುಂಡಗೆ, ಸ್ವಚ್ಛವಾಗಿ ಬರೆದಿತ್ತು. ಅದನ್ನು ತೋರಿಸಿ, "ಏನು ಬರ್ದೈತೋ ನೋಡು, ನಂಗೆ ಗೊತ್ತಾಗಲ್ಲ" ಎಂದ.