ಬಾಚಣಿಗೆಯಕ್ಕ ಬಾಚುವುದನ್ನು ಬಿಟ್ಟ ತೀರ

ಕಡಲತೀರವನ್ನು ಶುಚಿಗೊಳಿಸುವ ಸ್ವಯಂಸೇವಕರ ಬಳಗಗಳು ಇಂದು ಕರಾವಳಿಯ ಉದ್ದಕ್ಕೂ ಇವೆ. ಅವುಗಳಲ್ಲಿ ಕೆಲವು ಫೋಟೋ ತೆಗೆಯುವವರೆಗೆ ದುಡಿಯುತ್ತವೆ, ಕೆಲವು ಬಿಸಿಲೇರುವವರೆಗೆ. ಹೊಗಳಿದರೂ ತೆಗಳಿದರೂ ಒಂದು ಭಾನುವಾರವನ್ನೂ ತಪ್ಪಿಸದೆ ಬೆನ್ನು ಬಾಗಿಸಿದ ಬಳಗ ಯಾವುದೆಂದು ಈ ಕ್ಷೇತ್ರವನ್ನು ಬಲ್ಲವರನ್ನು ಕೇಳಿದರೆ, ಅವರು ಮೊದಲು ಹೇಳುವುದು ಬಾಚಣಿಗೆಯಕ್ಕನವರ ಬಳಗದ ಹೆಸರನ್ನು. ಎಪ್ಪತ್ತು ತುಂಬಿದ ಈ ಶುಭಸಂದರ್ಭದಲ್ಲಿ ಬಳಗದ ಮುಂದಾಳುತನದಿಂದ ನಿವೃತ್ತರಾಗುತ್ತಿರುವ ಈ ಹಿರಿಯರನ್ನು ಅಭಿನಂದಿಸಲು ಹೊರಟ ಲೇಖನಿಗೆ ಇರುವ ಅಳುಕು ಒಂದೇ: ಬರೆದದ್ದರಲ್ಲಿ ಎಲ್ಲಾದರೂ ಕಲೆ ಕಂಡರೆ ಅಕ್ಕನವರು ಈ ಅಭಿನಂದನ ಸಂಪುಟವನ್ನೇ ಸಾಬೂನು ನೀರಿನಲ್ಲಿ ನೆನೆಹಾಕಿಯಾರು.

ಅಕ್ಕನವರು ವೃತ್ತಿಯಿಂದ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿಯಾಗಿದ್ದವರು. ಹಬೆ ತುಂಬಿದ ನೆಲಮಾಳಿಗೆಯಲ್ಲಿ, ಗುಡುಗುವ ಯಂತ್ರಗಳ ನಡುವೆ ನಿಂತು, ಪ್ರತಿಯೊಂದು ಹಾಸುಬಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಮೇಲಿನ ವಾರ್ಡುಗಳಿಗೆ ಕಳುಹಿಸುತ್ತಿದ್ದರು. ಕಲೆ ಎಂದರೆ ಅವರಿಗೆ ಹುಟ್ಟುವೈರಿ. ಮನೆಯಿರುವುದು ಕಡಲಿಗೆ ಮುಖ ಮಾಡಿದ ಮೊದಲ ಬೀದಿಯಲ್ಲಿ. ಬಾಗಿಲು ತೆರೆದರೆ ತೀರ, ತೀರದ ತುಂಬ ಹರಿದ ಬಲೆ, ಬಾಟಲಿ, ಒಂಟಿ ಚಪ್ಪಲಿ. ಒಂದು ಭಾನುವಾರ ಚೀಲ ಹಿಡಿದು ಒಬ್ಬರೇ ಇಳಿದರು. ಮುಂದಿನ ವಾರ ನೆರೆಯವರು ನಾಚಿಕೊಂಡು ಜೊತೆಯಾದರು. ಕ್ರಮೇಣ ಹಳೆಯ ಐಸ್ ಕಾರ್ಖಾನೆಯ ಪಕ್ಕದ ಖಾಲಿ ಕೋಣೆಯೊಂದು ಬಳಗದ ಕಚೇರಿಯಾಯಿತು.

ಅವರ ಗಂಡನ ತಮ್ಮ ದೋಣಿಗಳ ಎಂಜಿನ್ ರಿಪೇರಿಯಲ್ಲಿ ಎತ್ತಿದ ಕೈ. ಅದೇ ಬೀದಿಯ ಕೊನೆಯಲ್ಲಿ ಅವರ ಕಾರ್ಯಾಗಾರ. ಅತ್ತಿಗೆಯ ಬೆನ್ನುನೋವನ್ನು ನೋಡಲಾರದೆ ಈ ಮೈದುನ ಆಳೆತ್ತರದ ಹಿಡಿ, ಉದ್ದ ಹಲ್ಲುಗಳಿರುವ ಕಬ್ಬಿಣದ ಬಾಚಣಿಗೆಗಳನ್ನು ತಾವೇ ಬೆಸೆದುಕೊಟ್ಟರು. ಸಾಲಾಗಿ ನಿಂತು ಬಾಚುತ್ತ ಹೋದರೆ ಪ್ಲಾಸ್ಟಿಕ್ಕು, ಕಡಲಪಾಚಿ, ಒಣಕಡ್ಡಿ, ಬಳ್ಳಿ ಎಲ್ಲವೂ ಒಟ್ಟಿಗೆ ಬರುತ್ತಿದ್ದವು. ಹಿಂದೆ ಉಳಿಯುತ್ತಿದ್ದದ್ದು ಇಸ್ತ್ರಿ ಹಾಕಿದಂಥ ಮರಳು. ಊರು ಬೆರಗಾಯಿತು, ಅಕ್ಕನವರಿಗೆ ಅಡ್ಡಹೆಸರು ಬಿತ್ತು. ನೆರೆಯೂರಿನ ಬಳಗದವರು ಬಂದು ನೋಡಿ, ಹೊಟ್ಟೆ ಉರಿಸಿಕೊಂಡು, ಬಾಚಣಿಗೆಯ ಅಳತೆ ತೆಗೆದುಕೊಂಡು ಹೋದರು.

ಆ ದಿನಗಳ ಅಕ್ಕರೆಯನ್ನು ಉಂಡವರು ಮೊದಲು ನೆನೆಯುವುದು ಕೈಗವಸುಗಳನ್ನು. ಕೆಲಸ ಮುಗಿದ ಮೇಲೆ ಎಲ್ಲರ ಗವಸುಗಳನ್ನೂ ಅಕ್ಕನವರು ಮನೆಗೊಯ್ದು ಒಗೆದು, ಒಣಗಿಸಿ, ಜೋಡಿ ಮಾಡಿ, ಮುಂದಿನ ವಾರ ಅವರವರ ಕೈಗೇ ಕೊಡುತ್ತಿದ್ದರು. ಪುಟ್ಟ ಕೈಯ ಗ್ರಂಥಪಾಲಕಿಯೊಬ್ಬರಿಗೆ ಗವಸಿನ ಬೆರಳುಗಳನ್ನು ಮೊಟಕು ಮಾಡಿ ಹೊಲಿದುಕೊಟ್ಟರು. ತಾಯಿಯನ್ನು ಕಳೆದುಕೊಂಡು ವಾರಗಟ್ಟಲೆ ಮನೆಯಿಂದ ಹೊರಬಾರದಿದ್ದ ಅಂಚೆಯಣ್ಣನ ಬಾಗಿಲಿಗೆ ಹೋಗಿ, ಸಮಾಧಾನದ ಮಾತು ಒಂದನ್ನೂ ಆಡದೆ, "ನಿನ್ನ ಗವಸು ಒಣಗಿದೆ, ಬಾ" ಎಂದಷ್ಟೇ ಹೇಳಿ ಕರೆತಂದರು.

ಆದರೆ ಅತಿಯಾದರೆ ಅಮೃತವೂ ವಿಷ ಎಂಬ ಮಾತು ಶುಚಿತ್ವವನ್ನೂ ಬಿಡುವುದಿಲ್ಲ. ವರ್ಷ ಕಳೆದಂತೆ ಗಾಳಿ ಬೀಸಿದಾಗಲೆಲ್ಲ ಮರಳು ಬೀದಿಗೆ ನುಗ್ಗತೊಡಗಿತು. ಅಕ್ಕನವರು ಹೊಸ್ತಿಲು ಗುಡಿಸಿದ್ದೇ ಗುಡಿಸಿದ್ದು. ಬಾಗಿಲ ಮೂಲೆಯ ಪೊರಕೆ ತಿಂಗಳು ತಿಂಗಳಿಗೂ ಸವೆಯಿತು. ತೀರ ತಗ್ಗಾಗುತ್ತ ಬಂತು. ಒಂದು ಮಳೆಗಾಲದಲ್ಲಿ ಅಲೆ ಮೈದುನರ ಕಾರ್ಯಾಗಾರದೊಳಗೇ ಹೊಕ್ಕು, ಎಂಜಿನ್ನುಗಳನ್ನೆಲ್ಲ ಉಪ್ಪುನೀರಿನಲ್ಲಿ ಮುಳುಗಿಸಿ ಹೋಯಿತು. ಹೀಗೇ ಆದರೆ ಮೊದಲ ಬೀದಿಯೇ ಉಳಿಯದೆಂಬುದು ಎಲ್ಲರಿಗೂ ತಿಳಿಯಿತು. ಏಕೆಂಬುದು ತಿಳಿಯದೆ ಎಲ್ಲರೂ ಗಾಳಿಯನ್ನು ಬೈದರು.

ಅಕ್ಕನವರಿಗೆ ಗಾಳಿಯ ಮೇಲೆ ತಪ್ಪು ಹೊರಿಸಿ ನೆಮ್ಮದಿಯಾಗಲಿಲ್ಲ. ಕಲೆ ಎಲ್ಲಿಂದ ಬಂತೆಂದು ಹುಡುಕುವ ಹಳೆಯ ಚಾಳಿ ಬಿಡಬೇಕಲ್ಲ! ಬಂಡೆಗಳಾಚೆ ಇನ್ನೊಂದು ತೀರವಿತ್ತು. ಹಾದಿ ಸರಿಯಿಲ್ಲವೆಂದು ಬಳಗ ಎಂದೂ ಅತ್ತ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಅವರು ಬಂಡೆ ಹತ್ತಿ ಅತ್ತ ಇಳಿದರು. ಅಲ್ಲಿ ಬಾಟಲಿಗಳಿದ್ದವು, ಚೀಲಗಳಿದ್ದವು, ಅಲೆ ತಂದೆಸೆದ ಪಾಚಿ ಸಾಲುಗಟ್ಟಿ ಒಣಗಿತ್ತು. ಆ ಸಾಲಿನ ಹಿಂದೆ ಎದೆಮಟ್ಟದ ಮರಳದಿಬ್ಬ, ದಿಬ್ಬದ ಮೇಲೆಲ್ಲ ನೇರಳೆ ಹೂವಿನ ಬಳ್ಳಿ, ಪಾಚಿಯ ನಡುವೆ ಹುಳ ಹೆಕ್ಕುತ್ತ ಓಡಾಡುವ ಪುಟ್ಟ ಹಕ್ಕಿಗಳು. ತಮ್ಮ ತೀರದಲ್ಲಿ ಇಂಥ ಹಕ್ಕಿಯನ್ನು ಕೊನೆಯದಾಗಿ ಕಂಡದ್ದು ಯಾವಾಗ ಎಂದು ಅಕ್ಕನವರು ನೆನಪಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಅಲ್ಲೇ ಬಂಡೆಯ ಮೇಲೆ ಕುಳಿತುಬಿಟ್ಟರು.

ಅಲ್ಲಿಂದ ನೇರವಾಗಿ ಹೋದದ್ದು ಬಳಗದವರೇ ಆದ ಜೀವಶಾಸ್ತ್ರದ ಮೇಷ್ಟರ ಮನೆಗೆ. ಪಾಚಿ ಮರಳನ್ನು ಹಿಡಿದಿಡುತ್ತದೆ, ಕೊಳೆತು ಬಳ್ಳಿಗೆ ಗೊಬ್ಬರವಾಗುತ್ತದೆ, ಬಳ್ಳಿ ದಿಬ್ಬವನ್ನು ಕಟ್ಟುತ್ತದೆ, ದಿಬ್ಬ ಅಲೆಯನ್ನು ತಡೆಯುತ್ತದೆ ಎಂದು ಮೇಷ್ಟರು ತಲೆ ತಗ್ಗಿಸಿಕೊಂಡು ವಿವರಿಸಿದರು.

"ಗೊತ್ತಿದ್ದೂ ಯಾಕ್ರೀ ಹೇಳ್ಲಿಲ್ಲ?"

"ಒಂದ್ಸಲ ಹೇಳೋಕೆ ಅಂತ ಬಂದಿದ್ದೆ, ಅಕ್ಕ. ನೀವು ಕೈಗೆ ಬಾಚಣಿಗೆ ಕೊಟ್ರಿ."

ಮುಂದಿನ ಭಾನುವಾರ ಬಳಗದ ಕೋಣೆಯಲ್ಲಿ ಅಕ್ಕನವರು ಎದ್ದುನಿಂತು, "ಇಷ್ಟು ವರ್ಷ ನಾನು ಬಾಚಿಸಿದ್ದು ತಪ್ಪು. ಇನ್ಮೇಲೆ ಪ್ಲಾಸ್ಟಿಕ್ ಮಾತ್ರ ಕೈಯಲ್ಲಿ ಹೆಕ್ಕೋಣ. ಪಾಚಿ ಅಲ್ಲೇ ಇರ್ಲಿ, ಬಳ್ಳಿ ನೆಡೋಣ" ಎಂದರು. ಯಾವ ಕೆಲಸಕ್ಕಾಗಿ ಊರು ತಮ್ಮನ್ನು ತಲೆಯ ಮೇಲೆ ಹೊತ್ತಿತ್ತೋ ಅದೇ ಕೆಲಸವನ್ನು ತಪ್ಪೆಂದು ತುಂಬಿದ ಸಭೆಯಲ್ಲಿ ಹೇಳುವ ಎದೆಗಾರಿಕೆ ಎಷ್ಟು ಮಂದಿ ಮುಂದಾಳುಗಳಿಗಿದೆ ಎಂಬುದನ್ನು ಓದುಗರೇ ಎಣಿಸಿಕೊಳ್ಳಲಿ. ಹೆಚ್ಚು ಬೆರಳುಗಳು ಬೇಕಾಗಲಾರವು.

ಮೈದುನರ ಮುಖ ಕೆಂಪೇರಿತು. "ಅಂದ್ರೆ ಅಲೇನ ನನ್ನ ಅಂಗಡಿಯೊಳಗೆ ಕರ್ಕೊಂಡು ಬಂದಿದ್ದು ನಾನೇ ಮಾಡಿದ ಬಾಚಣಿಗೆ ಅಂತೀರಾ, ಅತ್ತಿಗೆ?"

"ನೀನು ಮಾಡಿದ್ದು ಸರಿಯಾಗೇ ಇತ್ತಪ್ಪ. ನಾನು ಬಾಚಿದ್ದು ತಪ್ಪು."

"ಎರಡೂ ಒಂದೇ!" ಎಂದವರೇ ಗೋಡೆಗೊರಗಿಸಿದ್ದ ಬಾಚಣಿಗೆಗಳನ್ನೆಲ್ಲ ಹೆಗಲಿಗೇರಿಸಿಕೊಂಡು ಹೊರಟುಹೋದರು. ಅರ್ಧ ಬಳಗ ಅವರ ಹಿಂದೆಯೇ ಎದ್ದಿತು.

ಆಮೇಲಿನ ಕಾಲ ಕಷ್ಟದ್ದು. ಪಾಚಿ ನಾರತೊಡಗಿದಾಗ ಹೊಗಳಿದ ಬಾಯಿಗಳೇ ಅಕ್ಕನಿಗೆ ವಯಸ್ಸಾಯಿತು, ಸೋಮಾರಿತನಕ್ಕೆ ಶಾಸ್ತ್ರ ಹೇಳುತ್ತಾರೆ ಎಂದು ಆಡಿಕೊಂಡವು. ಅಕ್ಕನವರಿಗೆ ನೋವಾಯಿತು. ಪಾಚಿಯ ಸಾಲನ್ನು ಕಂಡಾಗಲೆಲ್ಲ ತಮ್ಮ ಕೈಯೇ ತುರಿಸುತ್ತಿತ್ತೆಂದು ಅವರೇ ಹೇಳಿಕೊಂಡು ನಕ್ಕದ್ದುಂಟು. ಬಂಡೆಯಾಚೆಯಿಂದ ಬಳ್ಳಿಯ ತುಂಡುಗಳನ್ನು ತಂದು ನೆಟ್ಟರು, ಅಡ್ಡಾಡುವವರು ತುಳಿದರು, ಮತ್ತೆ ನೆಟ್ಟರು. ಇವೆಲ್ಲಕ್ಕಿಂತ ಅವರನ್ನು ಕೊರೆದದ್ದು ಮೈದುನರ ಮೌನ. ಎದುರಾದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಆ ಮೈದುನರ ಗವಸಿನ ಜೋಡಿಯನ್ನು ಅಕ್ಕನವರು ಪ್ರತಿ ಶನಿವಾರ ಕಾರ್ಯಾಗಾರದ ಕಿಟಕಿಯಲ್ಲಿ ಇಟ್ಟು ಬರುತ್ತಿದ್ದರು. ಯಾರೂ ಮುಟ್ಟದ ಗವಸಿನ ಮೇಲೆ ವಾರವಿಡೀ ಎಂಜಿನ್ನಿನ ಮಸಿ ಕೂರುತ್ತಿತ್ತು. ಅದನ್ನು ಮತ್ತೆ ಒಯ್ದು, ಒಗೆದು, ಒಣಗಿಸಿ ಅಲ್ಲಿಯೇ ಇಡುತ್ತಿದ್ದರು.

ಒಂದು ಶನಿವಾರ ಕಿಟಕಿಯಲ್ಲಿ ಗವಸು ಇರಲಿಲ್ಲ. ಮರುದಿನ ಬಳಗದವರು ತೀರಕ್ಕೆ ಬರುವಷ್ಟರಲ್ಲಿ ಮೈದುನ ಅಲ್ಲಿದ್ದರು, ಗವಸು ಅವರ ಕೈಯಲ್ಲಿತ್ತು. ಬಾಚಣಿಗೆಗಳ ಹಲ್ಲುಗಳನ್ನೆಲ್ಲ ಕತ್ತರಿಸಿಹಾಕಿ, ಹಿಡಿಗಳನ್ನು ಗೂಟಗಳಂತೆ ಮರಳಿಗೆ ನೆಟ್ಟು, ಹಳೆಯ ಬಲೆಯ ಹಗ್ಗ ಬಿಗಿದು ಎಳೆಬಳ್ಳಿಗೆ ಬೇಲಿ ಹಾಕುತ್ತಿದ್ದರು.

"ಎಲ್ರೂ ತುಳೀತಿದ್ರಲ್ಲ, ನೋಡೋಕಾಗ್ಲಿಲ್ಲ," ಎಂದರು, ತಲೆಯೆತ್ತದೆ.

ಅಕ್ಕನವರು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡರು. ಹೋದವರು ಒಬ್ಬೊಬ್ಬರಾಗಿ ಮರಳಿ ಬಂದರು. ಬಳ್ಳಿ ಹಬ್ಬಿತು, ದಿಬ್ಬ ಎದ್ದಿತು, ಹಕ್ಕಿಗಳೂ ಬಂದವು.

ಕೆಲವು ವರ್ಷಗಳ ಬಳಿಕ ಹಿಂದೆಂದೂ ಕಾಣದಂಥ ಬಿರುಗಾಳಿಯೊಂದು ಬೀಸಿತು. ಕಡಲು ಬೇಲಿಯನ್ನು ಒಯ್ದಿತು, ಅರ್ಧ ದಿಬ್ಬವನ್ನು ತಿಂದಿತು. ಮಳೆ ನಿಲ್ಲುವುದಕ್ಕೂ ಕಾಯದೆ ಅಕ್ಕನವರು ಕಾರ್ಯಾಗಾರಕ್ಕೆ ಓಡಿದರು. ಮೈದುನ ಎಂಜಿನ್ನುಗಳ ನಡುವೆ ಕುಕ್ಕರುಗಾಲಿನಲ್ಲಿ ಕುಳಿತು ನೆಲಕ್ಕೆ ಅಂಗೈ ಒತ್ತಿ ನೋಡುತ್ತಿದ್ದರು.

"ಒಣಗೇ ಇದೆ, ಅತ್ತಿಗೆ."

ಇಬ್ಬರೂ ಅತ್ತರು. ಮೊದಲ ಬೀದಿಯ ಒಂದು ಮನೆಗೂ ಅಂದು ನೀರು ನುಗ್ಗಲಿಲ್ಲ.

ಈಗ ಅಕ್ಕನವರು ಮುಂದಾಳುತನವನ್ನು ಜೀವಶಾಸ್ತ್ರದ ಮೇಷ್ಟರಿಗೆ ಒಪ್ಪಿಸುತ್ತಿದ್ದಾರೆ. ಷರತ್ತು ಒಂದೇ: "ಯಾರು ತಪ್ಪು ಮಾಡಿದ್ರೂ ಮುಖಕ್ಕೆ ಹೇಳ್ಬೇಕು. ಕೈಗೆ ಏನು ಕೊಟ್ರೂ ಕೆಳಗಿಟ್ಟು ಹೇಳ್ಬೇಕು." ಭಾನುವಾರ ಬರುವುದನ್ನು ಅವರು ನಿಲ್ಲಿಸುವುದಿಲ್ಲವಂತೆ, ಗವಸು ಒಗೆಯುವ ಕೆಲಸವನ್ನಂತೂ ಯಾರಿಗೂ ಬಿಟ್ಟುಕೊಡುವುದಿಲ್ಲವಂತೆ. ಬಾಚಣಿಗೆಗಳು ಹೋಗಿ ಎಷ್ಟೋ ಕಾಲವಾದರೂ ಬಾಚಣಿಗೆಯಕ್ಕ ಎಂಬ ಹೆಸರು ಹೋಗಿಲ್ಲ, ಅದು ಹೋಗುವುದೂ ಬೇಡ. ಅವರ ಆರೋಗ್ಯ ಗಟ್ಟಿಯಾಗಿರಲಿ, ಬೆನ್ನುನೋವು ದೂರವಿರಲಿ, ಅರ್ಧ ಉಳಿದ ದಿಬ್ಬ ಅವರ ಕಣ್ಣೆದುರಿಗೇ ಮತ್ತೆ ಎದೆಮಟ್ಟಕ್ಕೆ ಬೆಳೆಯಲಿ. ಅವರ ಬಾಗಿಲ ಮೂಲೆಯಲ್ಲಿ ಹೊಸ ಪೊರಕೆಯೊಂದು ತಂದಾಗ ಇದ್ದಂತೆಯೇ ನಿಂತಿದೆ. ಎಷ್ಟು ದಿನ ಕಾದರೂ ಗುಡಿಸಲು ಹಿಡಿ ಮರಳೂ ಬರುವುದಿಲ್ಲವೆಂದು ಅಕ್ಕನವರು ಬಂದವರ ಮುಂದೆಲ್ಲ ದೂರುತ್ತಾರೆ. ಆ ದೂರನ್ನು ಇನ್ನೂ ಬಹುಕಾಲ ಅವರ ಬಾಯಿಂದಲೇ ಕೇಳುವ ಭಾಗ್ಯ ಮೊದಲ ಬೀದಿಗಿರಲಿ.