ಗುರುಮಲ್ಲಪ್ಪನ ಸೊಪ್ಪಿನ ಗುಂಡಿ

ಬಿಳಿಗೆರೆಯ ಆಚೆ, ಗುರುಮಲ್ಲಪ್ಪನ ಹೊಲದಲ್ಲಿ ಆಳುದ್ದದ ಗುಂಡಿಯೊಂದಿದೆ. ಅದು ಸೊಪ್ಪು ಬೆಳೆಯುವುದಕ್ಕೆ ಎಂದರೆ ಊರು ನಂಬಲಿಲ್ಲ. ಊರನ್ನು ಬೈದು ಪ್ರಯೋಜನವಿಲ್ಲ, ಕಾರಣ ಇತ್ತು.

ಊರಿನ ಲಿಂಗಾಯತರಲ್ಲಿ ಯಾರು ತೀರಿಕೊಂಡರೂ ಮೂವತ್ತು ವರ್ಷ ಸಮಾಧಿ ತೋಡಿದವನು ಅವನೇ. ಇಳಿಯಲು ಮೂರು ಮೆಟ್ಟಿಲು, ಎದುರು ಗೋಡೆಯಲ್ಲಿ ದೇಹವನ್ನು ಕೂರಿಸುವ ಗೂಡು. ಅಳತೆಯೆಲ್ಲ ಕೈಗೇ ಗೊತ್ತು. ಎರಡು ವರ್ಷದ ಹಿಂದೆ ಹೆಂಡತಿ ರುದ್ರಾಣಿಗೂ ಈ ಹೊಲದ ಮೂಲೆಯಲ್ಲಿ ತಾನೇ ತೋಡಿದ. ಮಕ್ಕಳಿಲ್ಲ. ಅಂದಿನಿಂದ ಒಂದೇ ಮುದ್ದೆ ಕಟ್ಟಿ, ಗೋಡೆ ನೋಡುತ್ತಾ ನುಂಗಿ, ಒಂದೇ ತಟ್ಟೆ ತೊಳೆದಿಡುತ್ತಾನೆ. ಕೆಲವು ದಿನ ಸಂಜೆಯವರೆಗೆ ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ.

ಬೇಸಿಗೆ ಬಂತೆಂದರೆ ರುದ್ರಾಣಿಯ ಸೊಪ್ಪಿನ ಮಡಿ ಸುಟ್ಟುಹೋಗುತ್ತಿತ್ತು, ಅವಳ ಗೊಣಗಾಟ ಶುರುವಾಗುತ್ತಿತ್ತು. ಎಂಥ ಬಿಸಿಲಲ್ಲೂ ಆಳದ ಮಣ್ಣು ತಣ್ಣಗಿರುತ್ತದೆಂದು ಸಮಾಧಿ ತೋಡುವವನಿಗೆ ಗೊತ್ತಿರದೆ ಇದ್ದೀತೇ? ಅವಳಿದ್ದಾಗ ಮಾತ್ರ ಹೊಳೆಯಲಿಲ್ಲ. ಈ ಸಲ ಸಂಕ್ರಾಂತಿ ಕಳೆದ ಮೇಲೆ ಗುದ್ದಲಿ ಹಿಡಿದ. ಗುಂಡಿಯ ಮೇಲೆ ಬಿದಿರ ದಬ್ಬೆ ಬಾಗಿಸಿ, ನೆರಳಿಗೆ ಹಸಿರು ಬಲೆ, ಹಳೆಯ ಪ್ಲಾಸ್ಟಿಕ್ ಹಾಳೆ ಹೊದಿಸಿದ. ಶಿವರಾತ್ರಿಗೆ ಸಬ್ಬಸಿಗೆ ಚೆಲ್ಲಿದ.

ಪಕ್ಕದ ಹೊಲದ ಬಸವಣ್ಣ ಬಗ್ಗಿ ನೋಡಿ ಬೆಚ್ಚಿದ. "ಲೇ ಗುರುಮಲ್ಲ, ಗೂಡ್ಯಾಕ್ಲಾ ತೆಗ್ದಿದ್ದೀಯೆ? ಯಾರ್ಗೆ?"

ಹೌದು, ಎದುರು ಗೋಡೆಯಲ್ಲಿ ಗೂಡಿತ್ತು. "ಕೈ ಅಭ್ಯಾಸ ಕಣಣ್ಣ," ಎಂದ ಗುರುಮಲ್ಲಪ್ಪ.

ಗುರುಮಲ್ಲಪ್ಪ ತನಗೇ ಸಮಾಧಿ ತೋಡಿಕೊಂಡಿದ್ದಾನೆಂಬ ಮಾತು ಊರೆಲ್ಲ ಹಬ್ಬಿತು. ಯುಗಾದಿಗೆ ಸೊಪ್ಪು ಮೊಣಕಾಲೆತ್ತರ ಬಂತು. ಸುಮ್ಮನೆ ಕೊಟ್ಟರೂ ಯಾರೂ ಮುಟ್ಟಲಿಲ್ಲ. ಕಟ್ಟುಗಳು ಅವನ ಜಗಲಿಯ ಮೇಲೇ ಬಾಡಿದವು.

ಊರವರ ಮಾತು ಪೂರ್ತಿ ಸುಳ್ಳಲ್ಲ. ಅದು ಅವನಿಗೂ ಗೊತ್ತಿತ್ತು. ಮಧ್ಯಾಹ್ನದ ಹೊತ್ತು ಆ ಗೂಡಿನಲ್ಲಿ ಕಾಲು ಮಡಚಿ ಕೂತರೆ ಎಷ್ಟೋ ಹಿತವೆನಿಸುತ್ತಿತ್ತು. ರುದ್ರಾಣಿ ಹತ್ತೇ ಮಾರು ದೂರ. ಎದ್ದು ಬರುವ ಮನಸ್ಸು ದಿನದಿನಕ್ಕೆ ಕಡಿಮೆಯಾಗುತ್ತಿತ್ತು.

ಒಂದು ದಿನ ಹಾಗೆಯೇ ಕೂತಿದ್ದಾಗ ಮೇಲಿನಿಂದ ಕೂಗು ಕೇಳಿತು. ಗೌಡರ ಬೀದಿಯ ಸುಬ್ಬಲಕ್ಷ್ಮಮ್ಮ.

"ಗುರುಮಲ್ಲಣ್ಣ, ಸಬ್ಬಸಿಗೆ ಐತಂತಲ್ಲಾ? ಸೊಸೆ ಬಾಣ್ತಿ, ಕೂಸಿಗೆ ಆಲು ಸಾಲ್ದು. ನಂಜನಗೂಡ್ಗೆ ಓದ್ರೂ ಸಿಗ್ನಿಲ್ಲ."

"ಐತೆ ಕಣವ್ವ. ಇಳ್ದು ಬಾ, ಎಳೇದು ನೋಡ್ಕೊಂಡು ಕಿತ್ಕೊ."

"ನಾನ್ ಇಳಿಯಕಿಲ್ಲಪ್ಪ! ನೀನೇ ಕೊಡು."

ಎಳೆಯದನ್ನೇ ಆರಿಸಿ, ಕಟ್ಟು ಮಾಡಿ ಕೈ ಎತ್ತಿದ. ಅವಳು ಬಗ್ಗಿ ಇಸಿದುಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡಳು. "ನಾಡಿದ್ದು ಬತ್ತೀನಿ. ಇನ್ ಮೂರ್ ತಿಂಗ್ಳು ಬೇಕಾಯ್ತದೆ. ಇರ್ತೀಯಲ್ಲ?"

ಗುರುಮಲ್ಲಪ್ಪ ಗೂಡಿನತ್ತ ತಿರುಗಿ ನೋಡಿದ. "ಇರ್ತೀನಿ ಕಣವ್ವ," ಎಂದ.

ಅವಳು ಹೋದ ಮೇಲೆ ಗುರುಮಲ್ಲಪ್ಪ ಗುಂಡಿಯಿಂದ ಎದ್ದು ಬಂದ. ಅವನು ಬಾವಿಯಿಂದ ನೀರು ಹೊತ್ತು ತಂದು ಮಣ್ಣು ಕಲಸಿದ. ಉಂಡೆ ಉಂಡೆಯಾಗಿ ಮೆತ್ತುತ್ತಾ, ಸಂಜೆಯ ಹೊತ್ತಿಗೆ ಗೂಡನ್ನು ಪೂರ್ತಿ ಮುಚ್ಚಿದ.