ಒದ್ದೆಯಾಗದೆ ಕೂರುವ ಜಾಗ

ನನಗೆ ನೀರಿನ ಭಯವಿಲ್ಲ, ಒದ್ದೆ ಬಟ್ಟೆಯ ಭಯವಿದೆ. ಇವೆರಡೂ ಒಂದೇ ಎಂದು ನನ್ನ ಹೆಂಡತಿ ವಾದಿಸುತ್ತಾಳೆ. ನಾನು ಒಪ್ಪುವುದಿಲ್ಲ. ಭೀಮಾ ನದಿ ತುಂಬಿ ಬಂದಾಗ ಜೇವರ್ಗಿಯ ಹತ್ತಿರ ಸೇತುವೆಯ ಮೇಲೆ ನಿಂತು ಹೊತ್ತು ಹೋದದ್ದೇ ತಿಳಿಯದಂತೆ ನೋಡಿದವನು ನಾನು. ಆಳಂದದ ನಮ್ಮ ಹೊಲದ ಬಾವಿಯಲ್ಲಿ ಈಜು ಕಲಿತವನು. ಆದರೆ ಮೈಮೇಲಿನ ಇಸ್ತ್ರಿ ಅಂಗಿಗೆ ನಾಲ್ಕು ಹನಿ ಸಿಡಿದರೆ ಮುಗಿಯಿತು, ಅದು ಆರುವ ತನಕ ನನ್ನ ಕಿವಿಗೆ ಯಾರ ಮಾತೂ ಹೋಗುವುದಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಅಂಗಿಯ ಆ ತುದಿಯನ್ನು ಹಿಡಿದು ಗಾಳಿಗೆ ಬೀಸುತ್ತಾ ಊರೆಲ್ಲ ತಿರುಗುತ್ತೇನೆ.

ಹಾಗೆ ನೋಡಿದರೆ ನಮ್ಮ ಕಡೆ ಮನುಷ್ಯ ಒದ್ದೆಯಾಗಲು ಹೆಚ್ಚಿನ ಅವಕಾಶಗಳೇ ಇಲ್ಲ. ಮಳೆ ಬೇಕೆಂದಾಗ ಬರುವುದಿಲ್ಲ, ಬಂದಾಗ ಹೇಳಿ ಬರುವುದಿಲ್ಲ. ಬಂದರೆ ಹೊಲದಲ್ಲಿದ್ದವರು ಗೊಬ್ಬರದ ಖಾಲಿ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ಮಡಚಿ, ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಕೆಲಸ ಮುಂದುವರಿಸುತ್ತಾರೆ. ನಾನು ಮಾದನಹಿಪ್ಪರಗಾದ ಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ದಿನಾ ಸಂಜೆ ಆಳಂದಕ್ಕೆ ಬರುವ ಬಸ್ಸಿನ ತಗಡು ಎಲ್ಲೆಲ್ಲಿ ಸೋರುತ್ತದೆ ಎಂಬುದು ಕಂಡಕ್ಟರನಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಮಳೆಗಾಲದಲ್ಲಿ ನಾನು ಯಾವ ಸೀಟಿನಲ್ಲಿ ಕೂರುತ್ತೇನೆಂದು ನೋಡಿ ಬೇರೆಯವರು ತಮ್ಮ ಸೀಟು ಹಿಡಿಯುತ್ತಿದ್ದರು. ವಿದ್ಯೆ ಎಂದರೆ ನಾಲ್ಕು ಮಂದಿಗೆ ಉಪಯೋಗವಾಗಬೇಕು ತಾನೆ?

ಇಂಥವನು ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಮನುಷ್ಯರನ್ನು ಒದ್ದೆ ಮಾಡುವುದೇ ಕಸುಬಾಗಿರುವ ಜಾಗಕ್ಕೆ ಹೋಗಬೇಕಾಯಿತು. ಹೋದದ್ದು ಏಕೆಂದು ಹೇಳಬೇಕಾದರೆ ಮೊದಲು ನನ್ನ ಅಕ್ಕನ ವಿಷಯ ಹೇಳಬೇಕು.

ಅಕ್ಕನನ್ನು ಜೇವರ್ಗಿ ತಾಲ್ಲೂಕಿನ ಅಂದೋಲಾಕ್ಕೆ ಕೊಟ್ಟಿದ್ದರು. ಮಗಳು ಶಶಿ ಇನ್ನೂ ತೊಡೆಯ ಮೇಲಿರುವಾಗಲೇ ಅಕ್ಕನ ಗಂಡ ತೀರಿಕೊಂಡರು. ಅಕ್ಕ ತವರಿಗೆ ಬರಲಿಲ್ಲ. ಜೋಳ, ತೊಗರಿ ಬಿತ್ತಿಸಿ, ಆಳುಗಳ ಹಿಂದೆ ತಾನೇ ನಿಂತು, ಮಗಳನ್ನು ಓದಿಸಿದಳು. ಆ ಬೇಸಿಗೆಯಲ್ಲಿ ಶಶಿಗೆ ಅಫಜಲಪುರದ ವರ ಗೊತ್ತಾಗಿತ್ತು. ಸೋದರಮಾವನ ಮನೆಯಲ್ಲೇ ಮದುವೆ ಎಂದು ಆಳಂದದಲ್ಲಿ ಹಂದರ ಹಾಕುವುದೆಂದಾಯಿತು. ಇಲ್ಲಿಯವರೆಗೆ ಎಲ್ಲ ಸುಸೂತ್ರ. ತೊಡಕು ಬಂದದ್ದು ಸುರಗಿಯಲ್ಲಿ.

ನಮ್ಮ ಕಡೆಯ ಮದುವೆಗಳಲ್ಲಿ ಸುರಗಿ ಎಂಬುದೊಂದು ನೀರಿನ ಶಾಸ್ತ್ರ. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ಸುತ್ತ ಬಿಳಿಯ ನೂಲು ಸುತ್ತುತ್ತಾರೆ. ಆ ನೂಲಿನ ಚೌಕದೊಳಗೆ ಮದುಮಗಳು ಕೂರುತ್ತಾಳೆ, ನಮ್ಮ ಮನೆತನದ ರೂಢಿಯಂತೆ ಅವಳ ತಾಯಿಯೂ ಪಕ್ಕದಲ್ಲಿ ಕೂರುತ್ತಾಳೆ. ಮುತ್ತೈದೆಯರು ಹಾಡು ಹೇಳುತ್ತಾ ಇಬ್ಬರ ತಲೆಯ ಮೇಲೂ ಅರಿಷಿಣದ ಬಿಸಿನೀರು ಸುರಿಯುತ್ತಾರೆ. ಗಂಡ ಸತ್ತವಳು ಆ ನೂಲಿನೊಳಗೆ ಹೋಗುವಂತಿಲ್ಲ. ನಾವೆಲ್ಲ ಶರಣರ ಹಾದಿಯವರು. ಇಂಥ ಭೇದವನ್ನು ಎಂದೋ ಕಿತ್ತೊಗೆದೆವೆಂದು ಮಠದ ಪ್ರವಚನದಲ್ಲಿ ಕೇಳಿ ತಲೆದೂಗುವವರು. ತಲೆದೂಗಿ ಮನೆಗೆ ಬಂದ ಮೇಲೆ ಸುರಗಿಗೆ ಬೇರೆ ನಿಯಮ.

ನಮ್ಮ ಮನೆಗೆ ಆಗ ಹಿರಿಯಳು ದೊಡ್ಡವ್ವ, ನನ್ನ ತಂದೆಯ ಅಣ್ಣನ ಹೆಂಡತಿ. ದೊಡ್ಡಪ್ಪ ಹಾಸಿಗೆ ಹಿಡಿದಿದ್ದರು. ಅವಳು ನನ್ನನ್ನು ಕರೆದು ಹೇಳಿದಳು, “ನಿನ್ನ ಹೇಣ್ತಿ ಕುಂದ್ರಲಿ ತಾಯಿ ಜಾಗಾದಾಗ. ನಿಮ್ಮಕ್ಕಗ ನೀನೇ ಹೇಳು. ತಮ್ಮ ಹೇಳಿದ್ರ ಮನಸ್ಸಿಗಿ ಹಚ್ಕೊಳ್ಳಂಗಿಲ್ಲ.”

ಈ ಮಾತು ಕೇಳಿ ನನ್ನ ಹೆಂಡತಿ ಒಳಗಿನಿಂದ ಬಂದು, “ನಾ ಕುಂದ್ರಂಗಿಲ್ಲ ನೋಡ್ರಿ. ಆಮ್ಯಾಲ ಅಕ್ಕಾರ ಮಾರಿ ಹ್ಯಾಂಗ ನೋಡ್ಲಿ ನಾ?” ಎಂದು ನನಗೆ ಹೇಳಿ ಹೋದಳು. ದೊಡ್ಡವ್ವನಿಗೆ ಹೇಳಲಿಲ್ಲ. ಹೇಳುವ ಕೆಲಸಗಳೆಲ್ಲ ನನ್ನ ಪಾಲಿಗೇ ಬರುತ್ತವೆ.

ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ, ಊಟ ರುಚಿಸಲಿಲ್ಲ. ಪಾಠ ಮಾಡುತ್ತಾ ಬೋರ್ಡಿನ ಮೇಲೆ ಅರ್ಧ ಬರೆದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಒಂದು ರವಿವಾರ ಗಟ್ಟಿ ಮನಸ್ಸು ಮಾಡಿ ಅಂದೋಲಾಕ್ಕೆ ಹೊರಟೆ. ಗುಲ್ಬರ್ಗಾದಲ್ಲಿ ಬಸ್ಸು ಬದಲಿಸುವಾಗ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಜೇವರ್ಗಿ ದಾಟುವಾಗ ಅದನ್ನು ಇನ್ನಷ್ಟು ಮೆತ್ತಗೆ ಮಾಡಿದೆ. ಅಂದೋಲಾ ಮುಟ್ಟುವಾಗ ಅದು ಎಷ್ಟು ಮೆತ್ತಗಾಗಿತ್ತೆಂದರೆ ಅದರಲ್ಲಿ ಅರ್ಥವೇ ಉಳಿದಿರಲಿಲ್ಲ. ಅಕ್ಕ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ತೊಗರಿಯ ಹೂವು ಉದುರುವುದು ಏಕೆಂದು ಇಬ್ಬರೂ ಬಹಳ ಹೊತ್ತು ಚರ್ಚಿಸಿದೆವು. ಸಂಜೆಯ ಬಸ್ಸಿಗೆ ವಾಪಸು ಬಂದೆ.

ಮದುವೆಯ ಜವಳಿಗೆ ನಮ್ಮವರೆಲ್ಲ ಸೊಲ್ಲಾಪುರಕ್ಕೆ ಹೋಗುವುದು ವಾಡಿಕೆ. ಶಶಿ ಮಾತ್ರ ಹೈದರಾಬಾದೇ ಆಗಬೇಕೆಂದು ಹಟ ಹಿಡಿದಳು. ಚಾರ್‌ಮಿನಾರದ ಬಳೆ ಅವಳಿಗೆ ಬೇಕಿತ್ತು. ಅಕ್ಕ, ಶಶಿ, ನನ್ನ ಹೆಂಡತಿ ಮತ್ತು ನಾನು ಹೊರಟೆವು. ರೈಲಿನಲ್ಲಾದರೂ ಹೇಳಿಬಿಡಬೇಕೆಂದುಕೊಂಡೆ, ಶಶಿ ಎದುರಿಗೇ ಕೂತಿದ್ದಳು. ಬಳೆಯಂಗಡಿಯಲ್ಲಿ ಹೇಳೋಣವೆಂದುಕೊಂಡೆ. ಅಲ್ಲಿ ಬಳೆಗಾರ ಶಶಿಯ ಕೈ ಬಿಟ್ಟು ಅಕ್ಕನ ಕೈಯ ಅಳತೆ ನೋಡಲು ಹೋದ, ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬಳೆಗಾರ ಮತ್ತೆ ಶಶಿಯ ಕೈ ಹಿಡಿದ. ನನ್ನ ವಾಕ್ಯ ಮತ್ತೆ ಹೊಟ್ಟೆಯ ತಳಕ್ಕೆ ಹೋಯಿತು.

ಮರುದಿನ ಸಂಜೆಯ ರೈಲಿಗೆ ಇನ್ನೂ ಬಹಳ ಹೊತ್ತಿತ್ತು. ಊರ ಹೊರಗೆ ನೀರಿನ ಆಟಗಳ ಒಂದು ಪಾರ್ಕು ಇದೆಯೆಂದು ಶಶಿ ಎಲ್ಲೋ ಕೇಳಿಕೊಂಡು ಬಂದಿದ್ದಳು. ಅಡ್ಡಿ ಹೇಳಿದರೆ ಬೇರೆ ಮಾತು ಬೆಳೆದೀತೆಂದು ನಾನು ಕೂಡಲೇ ಒಪ್ಪಿದೆ.

ಅಲ್ಲಿ ಒಂದು ದೋಣಿಯ ಆಟವಿತ್ತು. ದೋಣಿಯಲ್ಲಿ ಒಬ್ಬರ ಹಿಂದೊಬ್ಬರು ಕೂರಬೇಕು. ಸರಪಳಿ ಅದನ್ನು ಟಕ ಟಕ ಎಂದು ಎತ್ತರಕ್ಕೆ ಎಳೆದೊಯ್ದು ಅಲ್ಲಿಂದ ಇಳಿಜಾರಿಗೆ ಬಿಡುತ್ತದೆ. ಕೆಳಗೆ ಹೊಂಡ. ದೋಣಿ ಬಿದ್ದೊಡನೆ ನೀರು ಗೋಡೆಯಷ್ಟು ಎತ್ತರಕ್ಕೆದ್ದು ಒಳಗಿದ್ದವರ ಮೇಲೆ ಕವಿಯುತ್ತದೆ. ಜನ ಕಿರುಚುತ್ತಾರೆ, ತೋಯ್ದು ತೊಪ್ಪೆಯಾಗಿ ಇಳಿಯುತ್ತಾರೆ, ಮತ್ತೆ ಪಾಳಿಗೆ ಹೋಗಿ ನಿಲ್ಲುತ್ತಾರೆ.

ಅಕ್ಕ ನೆರಳಿನ ಒಂದು ಬೆಂಚು ಹಿಡಿದು ಜವಳಿಯ ಚೀಲಗಳನ್ನು ಸುತ್ತ ಜೋಡಿಸಿಕೊಂಡು ಕೂತಳು. ನನಗೆ ಅವಳ ಪಕ್ಕದಲ್ಲಿ ಕೂರಲು ಧೈರ್ಯವಾಗಲಿಲ್ಲ. ಕೂತರೆ ಹೇಳಬೇಕಾಗುತ್ತದೆ. ಆದ್ದರಿಂದ ಹೊಂಡದ ಕಟ್ಟೆಯ ಉದ್ದಕ್ಕೂ ಅತ್ತಿಂದಿತ್ತ ಓಡಾಡುತ್ತಾ ದೋಣಿಗಳನ್ನು ಅಭ್ಯಾಸ ಮಾಡತೊಡಗಿದೆ. ವಿಜ್ಞಾನದ ಮಾಸ್ತರನ ಕಣ್ಣು ಸುಮ್ಮನಿರುತ್ತದೆಯೇ? ಮುಂದೆ ಕೂತವರು ನೀರನ್ನು ಎದೆಯೊಡ್ಡಿ ತಗೊಳ್ಳುತ್ತಾರೆ. ನಡುವಿನವರಿಗೆ ಮೇಲೆದ್ದ ನೀರು ನೆತ್ತಿಯ ಮೇಲೆ ಬೀಳುತ್ತದೆ. ಹಿಂದಿನವನು ಬಗ್ಗಿ ಕೂತರೆ, ಅವನ ಮುಂದಿನವರು ಸ್ವಲ್ಪ ತುಂಬಿದ ಮೈಯವರಾಗಿದ್ದರೆ, ಅವನಿಗೆ ಬರೀ ತುಂತುರು. ನನ್ನ ಹೆಂಡತಿ ತುಂಬಿದ ಮೈಯವಳು. ಈ ಸಂಶೋಧನೆಯನ್ನು ಅವಳಿಗೆ ವಿವರಿಸಲು ಹೋಗಲಿಲ್ಲ.

ತುಂತುರಿಗೂ ಉಪಾಯವಿತ್ತು. ಜವಳಿಯಂಗಡಿಯವನು ಸೀರೆಗಳನ್ನೆಲ್ಲ ಒಂದು ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟಿದ್ದ. ಸೀರೆಗಳನ್ನು ಬೇರೆ ಚೀಲಕ್ಕೆ ತುಂಬಿ, ಆ ಪ್ಲಾಸ್ಟಿಕ್ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ಮಡಚಿ, ಥೇಟ್ ನಮ್ಮ ಹೊಲದ ಕೊಪ್ಪೆ ಮಾಡಿ ತಲೆಗೇರಿಸಿಕೊಂಡೆ. ದೋಣಿ ಹತ್ತಿಸುವವನು ನನ್ನನ್ನು ಕಂಡು ಕೆಲಸ ನಿಲ್ಲಿಸಿದ. “ಭೀಗ್ನೇಕುಚ್ ಆತೆ ಚಚ್ಚಾ ಲೋಗಾಂ ಇಧರ್,” ಎಂದ. ತೋಯಿಸಿಕೊಳ್ಳಲೆಂದೇ ಜನ ಇಲ್ಲಿಗೆ ಬರುತ್ತಾರೆಂದು ಅವನು ಹೇಳಿದ್ದು ನನಗೆ ಅರ್ಥವಾಗಿತ್ತು. ಆಗಲಿಲ್ಲವೆಂಬಂತೆ ನಿಂತೆ.

ಅಷ್ಟರಲ್ಲಿ ಶಶಿ ತಾಯಿಯ ಕೈ ಹಿಡಿದು ಎಳೆದುಕೊಂಡು ಬಂದಳು. “ನಾ ಎಲ್ಲಿ ಬರ್ಲಿ ಬೇ, ಚೀಲ ಯಾರ್ ಕಾಯ್ತಾರ?” ಎಂದು ಅಕ್ಕ ಹಿಂದೆ ಜಗ್ಗುತ್ತಿದ್ದಳು. ಚೀಲಗಳನ್ನು ಶಶಿ ಆಗಲೇ ಕೌಂಟರಿನಲ್ಲಿ ಇಟ್ಟು ಬಂದಿದ್ದಳು. ಅಕ್ಕ ನನ್ನ ಕಡೆ ನೋಡಿದಳು.

“ತಮ್ಮಾ, ನಾ ಹೋಗಬೋದೇನೋ?”

ಇಡೀ ಸಂಸಾರವನ್ನು ಒಬ್ಬಳೇ ಎಳೆದವಳು, ಒಂದು ದೋಣಿ ಹತ್ತಲು ನನ್ನನ್ನು ಕೇಳುತ್ತಿದ್ದಳು. ಏನನ್ನು ಕೇಳುತ್ತಿದ್ದಾಳೆಂಬುದು ನನಗೆ ತಿಳಿಯಿತು. “ಅದರಾಗ ಕೇಳೂದೇನದ, ಹತ್ತು,” ಎಂದೆ. ನನ್ನ ಧ್ವನಿ ನನಗೇ ಗದರಿಸಿದಂತೆ ಕೇಳಿತು.

ಮುಂದೆ ಶಶಿ, ಅವಳ ಹಿಂದೆ ಅಕ್ಕ, ಆಮೇಲೆ ನನ್ನ ಹೆಂಡತಿ, ಕಡೆಗೆ ಕೊಪ್ಪೆಯೊಳಗೆ ನಾನು. ಸರಪಳಿ ನಮ್ಮನ್ನು ಮೇಲಕ್ಕೆ ಎಳೆಯುವಾಗ ಅಕ್ಕ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಸೊಂಟಕ್ಕೆ ಬಿಗಿದಳು. ಆಮೇಲೆ ದೋಣಿ ಇಳಿಜಾರಿಗೆ ಬಿತ್ತು, ಕಣ್ಣು ಮುಚ್ಚಿದೆ. ನೀರು ಎದ್ದು ಬಿದ್ದ ಸಪ್ಪಳ ನನ್ನ ಪ್ಲಾಸ್ಟಿಕ್ಕಿನ ಮೇಲೆ ಪಟಪಟ ಕೇಳಿಸಿತು. ಕೊಪ್ಪೆ ಸರಿಸಿ ಅಂಗಿ ಮುಟ್ಟಿ ನೋಡಿಕೊಂಡೆ. ಖಣಖಣ ಒಣಗಿತ್ತು. ನನ್ನ ಜೀವಮಾನದ ಒಂದೇ ಒಂದು ವೈಜ್ಞಾನಿಕ ಸಾಧನೆ ಅದು, ಆದರೆ ಅದನ್ನು ನೋಡುವವರು ಯಾರೂ ಇರಲಿಲ್ಲ.

ಎಲ್ಲರೂ ಅಕ್ಕನನ್ನು ನೋಡುತ್ತಿದ್ದರು. ಸೆರಗು ಕೆಳಗೆ ಜಾರಿತ್ತು, ತುರುಬು ಬಿಚ್ಚಿತ್ತು, ಮುಖದ ಮೇಲಿಂದ ನೀರು ಇಳಿಯುತ್ತಿತ್ತು. ಅಳುತ್ತಿದ್ದಾಳೋ ಏನೋ ಎಂದು ನನಗೆ ಗಾಬರಿಯಾಯಿತು. ಅಳುತ್ತಿರಲಿಲ್ಲ. ಚಿಕ್ಕವರಿದ್ದಾಗ ಹೊಲದ ಬಾವಿಯಲ್ಲಿ ನನ್ನನ್ನು ಹಿಂದಿನಿಂದ ನೂಕಿ ನಗುತ್ತಿದ್ದಳಲ್ಲ, ಹಾಗೆ ನಗುತ್ತಿದ್ದಳು. ಆ ನಗೆ ಎಲ್ಲಿಗೆ ಹೋಗಿತ್ತೆಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ.

“ಲೇ ತಮ್ಮಾ,” ಎಂದಳು, “ಇದು ಯಾರ್ನೂ ಏನೂ ಕೇಳಂಗಿಲ್ಲ ನೋಡು. ಎಲ್ಲಾರ ಮ್ಯಾಲೂ ಬೀಳ್ತದ. ನೀನೊಬ್ಬವ ಉಳದಿ.” ಆಮೇಲೆ ಮಗಳ ಭುಜ ತಟ್ಟಿ, “ಇನ್ನೊಮ್ಮಿ ಹೋಗೂನು ನಡಿ,” ಎಂದಳು.

ಅವರು ಇನ್ನೊಮ್ಮೆ ಹೋದರು, ಮತ್ತೊಮ್ಮೆ ಹೋದರು. ನಾನು ಒಣ ಅಂಗಿಯಲ್ಲಿ ಅದೇ ಬೆಂಚಿನ ಮೇಲೆ ಕೂತೆ. ಎಲ್ಲರೂ ತೋಯ್ದಿರುವ ಕಡೆ ಒಬ್ಬನೇ ಒಣಗಿರುವುದು, ಎಲ್ಲರೂ ಊಟಕ್ಕೆ ಕೂತಾಗ ಬಾಗಿಲಲ್ಲಿ ನಿಂತಂತೆ. ಎದ್ದೆ, ಕೂತೆ, ಮತ್ತೆ ಎದ್ದೆ. ಒಣಗಿರುವುದರಿಂದಲೂ ಚಡಪಡಿಕೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ರೈಲಿನಲ್ಲಿ ಶಶಿಗೂ ನನ್ನ ಹೆಂಡತಿಗೂ ಜೋಂಪು ಹತ್ತಿತು. ಅಕ್ಕ ಕಿಟಕಿಯ ಗಾಳಿಗೆ ಕೂದಲು ಆರಲು ಬಿಟ್ಟು ಕೂತಿದ್ದಳು. ಹೊರಗೆ ನೋಡುತ್ತಲೇ ಕೇಳಿದಳು, “ಅವತ್ತ ಅಂದೋಲಾಕ ಸುರಗಿ ಮಾತು ಹೇಳಾಕ ಬಂದಿದ್ದಿ, ಹೌದಲ್ಲೋ?”

ನಾನು ಹೌದೆಂದೆ.

“ಪುಂಡಿಪಲ್ಯದ ಕೂಡ ನುಂಗಿದಿ.”

ಅಷ್ಟೇ. ಸಿಟ್ಟಿಲ್ಲ, ದುಃಖವಿಲ್ಲ. ಒಪ್ಪಿದಳೋ ಇಲ್ಲವೋ ಅದೂ ಗೊತ್ತಾಗಲಿಲ್ಲ. ಹೇಳುವ ಹೊರೆಯೊಂದು ಇಳಿಯಿತೆಂದು ನಾನು ಹಗುರಾಗಬೇಕಿತ್ತು. ಬದಲಿಗೆ ಮದುವೆಯ ದಿನದವರೆಗೂ ಹಂದರದ ಕಂಬಗಳ ನಡುವೆ ಬೆಕ್ಕಿನ ಹಾಗೆ ಸುತ್ತಿದೆ.

ಸುರಗಿಯ ಬೆಳಿಗ್ಗೆ ಅಂಗಳದಲ್ಲಿ ತಂಬಿಗೆಗಳನ್ನಿಟ್ಟು ನೂಲು ಸುತ್ತಿದರು. ಶಶಿ ಒಳಗೆ ಕೂತಳು. ಅವಳ ಪಕ್ಕದ ಮಣೆ ಖಾಲಿಯಿತ್ತು. ನನ್ನ ಹೆಂಡತಿಯನ್ನು ಎರಡು ಸಲ ಕೂಗಿದರು. ಅವಳು ಅಡುಗೆಮನೆಯಲ್ಲಿ ಸಿಗಲಾರದ ಏನನ್ನೋ ಹುಡುಕುತ್ತಿದ್ದಳು. ಆಗ ಅಕ್ಕ ಪಡಸಾಲೆಯಿಂದ ಇಳಿದು ಬಂದಳು. ಯಾರನ್ನೂ ಏನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಒಂದು ಕೈಯಲ್ಲಿ ನೂಲನ್ನು ಮೇಲೆತ್ತಿ, ಬಗ್ಗಿ ಒಳಗೆ ಹೋಗಿ, ಮಗಳ ಪಕ್ಕದ ಮಣೆಯ ಮೇಲೆ ಕೂತು ಸೆರಗು ಬಿಗಿದಳು.

ಹಾಡು ನಿಂತಿತು. ಮೊದಲ ತಂಬಿಗೆ ದೊಡ್ಡವ್ವನ ಕೈಯಲ್ಲಿತ್ತು. ಅವಳು ಅಕ್ಕನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಂಗಳದಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಮನೆಯ ಗಂಡಸು ಏನಾದರೂ ಹೇಳಬೇಕು. ಬಹಳ ದಿನ ಹೊಂದಿಸಿದ ನನ್ನ ವಾಕ್ಯ ಆಗ ಒಂದಕ್ಷರವೂ ನೆನಪಾಗಲಿಲ್ಲ.

“ಹಾಕ್ರಿ ದೊಡ್ಡವ್ವ,” ಎಂದೆ. “ನೀರು ಆರಾಕತ್ತಾವ.”

ದೊಡ್ಡವ್ವ ತಂಬಿಗೆಯೊಳಗೆ ಬೆರಳು ಅದ್ದಿ ನೋಡಿದಳು. ನಂತರ ಸುರಿದಳು. ಮೊದಲು ಮಗಳ ತಲೆಯ ಮೇಲೆ, ಉಳಿದದ್ದನ್ನು ತಾಯಿಯ ತಲೆಯ ಮೇಲೆ. ಅಕ್ಕ ಕಣ್ಣು ಮುಚ್ಚಿಕೊಂಡು ಅರಿಷಿಣದ ನೀರು ಗಲ್ಲದಿಂದ ಇಳಿಯುವುದನ್ನು ಒರೆಸಿಕೊಳ್ಳದೆ ಕೂತಿದ್ದಳು. “ಅಲ್ಲಿಂದು ಬಾಳ ಥಂಡ ಇತ್ತು,” ಎಂದು ಮಗಳಿಗೆ ಮೆಲ್ಲಗೆ ಹೇಳಿದಳು, “ಇದು ಬೆಚ್ಚಗದ.” ಶಶಿ ಕಿಸಕ್ಕನೆ ನಕ್ಕಳು. ಉಳಿದವರಿಗೆ ಏನೂ ತಿಳಿಯಲಿಲ್ಲ.

ಯಾರೋ ಹಾಡನ್ನು ನಿಂತಲ್ಲಿಂದ ಎತ್ತಿಕೊಂಡರು. ದೊಡ್ಡವ್ವ ಹಂಡೆಗೆ ಬಗ್ಗಿ ಎರಡನೆಯ ತಂಬಿಗೆ ತುಂಬಿಕೊಂಡಳು. ಅದನ್ನು ಸುರಿಯುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ.